ನಿಯತ್ತು ಅನ್ನೋ ಪದ ಮತ್ತು ಫ್ರಿಟ್ಸ್ ವಾಲ್ಟರ್



'ನಿಯತ್ತು' ಅನ್ನೋ ಪದವನ್ನ ಯಾರಾದ್ರೂ ಹೊಗಳಿಕೆಯಾಗಿ ಬಳಸಿದ್ರೆ ನನಗೆ ಮೊದಲು ಬರೋದು ಅನುಮಾನ. ಅದಕ್ಕೆ ಕಾರಣ ಇದೆ.

ನಮ್ಮ ತಾತ ಜೀತಕ್ಕಿದ್ದ. ಯಾವ ಊರು, ಯಾರ ಮನೆ ಅನ್ನೋದು ಇಲ್ಲಿ ಬೇಡ. ಮದುವೆಗೆ ಅಂತ ತಂದ ಒಂದಿಷ್ಟು ದುಡ್ಡು, ಅದನ್ನ ತೀರಿಸೋಕೆ ಒಂದು ಇಡೀ ಆಯಸ್ಸು. 1976ರಲ್ಲಿ ಜೀತ ರದ್ದು ಮಾಡೋ ಕಾಯ್ದೆ ಬಂದ ಮೇಲೂ ಕೆಲವು ವರ್ಷ ಅದೇ ಕೊಟ್ಟಿಗೆ, ಅದೇ ದನ. ತಾತ ತೀರಿಕೊಂಡ ದಿನ ಆ ಮನೆಯವರು ದೂರದಲ್ಲೇ ನಿಂತು "ಅಂಥ ನಿಯತ್ತಿನ ಆಳು ಇನ್ನು ಹುಟ್ಟಲ್ಲ" ಅಂದರು. ಸುತ್ತ ಇದ್ದವರೆಲ್ಲ ತಲೆದೂಗಿದರು. ರಾತ್ರಿ ನಮ್ಮಜ್ಜಿ ನನ್ನ ಹತ್ತಿರ ಹೇಳಿದ್ದು ಬೇರೆ: "ಹೋಗಾಕೆ ಬಾಗ್ಲೇ ಇಲ್ದಿದ್ಮೇಲೆ ಅದೆಂಗ್ಲಾ ನಿಯತ್ತಾದದು?"

ನನಗೆ ಓದಿನಿಂದ ಸಿಕ್ಕ ಎಷ್ಟೋ ಸಿದ್ಧಾಂತಗಳಿಗಿಂತ ಈ ಒಂದು ಪ್ರಶ್ನೆ ದೊಡ್ಡದು. ಯಾರನ್ನಾದ್ರೂ 'ನಿಷ್ಠಾವಂತ' ಅಂತ ಕರೆದಾಗ ನಾನು ಮೊದಲು ಹುಡುಕೋದು ಬಾಗಿಲು ಇತ್ತಾ ಅಂತ. ತೆರೆದಿತ್ತಾ? ತೆರೆದಿದ್ದೂ ಅವನು ಉಳಿದನಾ? ಉಳಿದಿದ್ದು ಯಾವುದರ ಜೊತೆಗೆ?

ಈ ಪ್ರಶ್ನೆ ಇಟ್ಕೊಂಡೇ ನಾನು ಒಬ್ಬ ಫುಟ್ಬಾಲ್ ಆಟಗಾರನ ಬದುಕನ್ನ ವರ್ಷಗಟ್ಟಲೆ ಓದ್ತಾ ಬಂದಿದ್ದೀನಿ. ಹೆಸರು ಫ್ರಿಟ್ಸ್ ವಾಲ್ಟರ್. ಜರ್ಮನಿಯವನು. ಮೈದಾನದ ನಡುವೆ ನಿಂತು ಇಡೀ ಆಟವನ್ನ ಹೆಣೆಯೋ ಆಟಗಾರ. ಗೋಲು ಹೊಡೀತಿದ್ದ, ಹೊಡೆಸ್ತಿದ್ದ. ಹುಡುಗನಾಗಿದ್ದಾಗ ಸೇರಿದ ಒಂದೇ ಕ್ಲಬ್‌ಗೆ 1959ರವರೆಗೆ ಆಡಿ ಬೂಟು ಬಿಚ್ಚಿಟ್ಟವನು. ಆ ಕ್ಲಬ್ 1. ಎಫ್‌ಸಿ ಕೈಸರ್ಸ್‌ಲೌಟರ್ನ್. ಇವತ್ತು ಆ ಊರಿನ ಸ್ಟೇಡಿಯಂಗೆ ಅವನದೇ ಹೆಸರು. 1985ರಲ್ಲಿ, ಅವನು ಬದುಕಿದ್ದಾಗಲೇ ಇಟ್ಟರು.

ಕೈಸರ್ಸ್‌ಲೌಟರ್ನ್ ದೊಡ್ಡ ಊರಲ್ಲ. ಜರ್ಮನಿಯ ನೈರುತ್ಯಕ್ಕೆ, ಕಾಡುಗುಡ್ಡಗಳ ಮಧ್ಯೆ ಇರೋ ಕಾರ್ಖಾನೆ ಊರು. 1920ರ ಅಕ್ಟೋಬರ್ 31ಕ್ಕೆ ಫ್ರಿಟ್ಸ್ ಹುಟ್ಟಿದ್ದು ಅಲ್ಲೇ. ಅಪ್ಪ-ಅಮ್ಮ ಕ್ಲಬ್ಬಿನ ಹೋಟೆಲ್ ನಡೆಸ್ತಿದ್ದರು. ಅಂದ್ರೆ ಹುಡುಗನಿಗೆ ಮನೆ, ಅಡುಗೆಮನೆ, ಕ್ಲಬ್ಬು ಎಲ್ಲಾ ಒಂದೇ. ಬ್ಯಾಂಕಿನಲ್ಲಿ ಕೆಲಸ ಕಲಿತ, 17ನೇ ವಯಸ್ಸಿಗೆ ಮೊದಲ ತಂಡದಲ್ಲಿ ಆಡಿದ. 1940ರ ಜುಲೈನಲ್ಲಿ ರುಮೇನಿಯಾ ವಿರುದ್ಧ ಜರ್ಮನಿ ಪರ ಮೊದಲ ಮ್ಯಾಚು. ಮೂರು ಗೋಲು. ಆಗ ಅವನಿಗೆ ಇನ್ನೂ 20 ತುಂಬಿರಲಿಲ್ಲ.

1940, ಜರ್ಮನಿ. ಈ ಎರಡು ಪದ ಒಟ್ಟಿಗೆ ಬಂದಾಗ ನಮ್ಮಂಥವರು ಮುಂದಕ್ಕೆ ಓಡಬಾರದು. ನಿಲ್ಲಬೇಕು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್‌ನಲ್ಲಿ ದಕ್ಷಿಣ ಜರ್ಮನಿಯ ದೊಡ್ಡ ದೊಡ್ಡ ಕ್ಲಬ್‌ಗಳು ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದವು. ಹೊಸ ಸರ್ಕಾರದ ಜೊತೆ ಕೈಜೋಡಿಸ್ತೀವಿ, ಮುಖ್ಯವಾಗಿ ಯಹೂದಿಗಳನ್ನ ಕ್ಲಬ್‌ಗಳಿಂದ ಹೊರಗಿಡೋ ವಿಷಯದಲ್ಲಿ, ಅನ್ನೋದು ಅದರ ಸಾರಾಂಶ. ಅಷ್ಟು ಹೊತ್ತಿಗೆ ಇವರನ್ನ ಹೀಗೇ ಮಾಡಿ ಅಂತ ಬಂದೂಕು ಹಿಡಿದು ಯಾರೂ ಬಾಗಿಲಿಗೆ ಬಂದಿರಲಿಲ್ಲ. ತಾವಾಗಿಯೇ ಮುಂದೆ ಬಿದ್ದು ಮಾಡಿದ್ದು. ಸಹಿ ಹಾಕಿದವರಲ್ಲಿ ಬಾಯರ್ನ್ ಮ್ಯೂನಿಕ್ ಇತ್ತು, ನ್ಯೂರೆಂಬರ್ಗ್ ಇತ್ತು, ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್ ಇತ್ತು. ಕೈಸರ್ಸ್‌ಲೌಟರ್ನ್ ಕೂಡ ಇತ್ತು.

ಕಾರ್ಲ್ಸ್‌ರೂಹ ಊರಿನ ಕ್ಲಬ್ಬೂ ಸಹಿ ಹಾಕಿತ್ತು. ಆ ಕ್ಲಬ್ಬಿನಲ್ಲಿ ಯೂಲಿಯಸ್ ಹಿರ್ಶ್ ಅಂತ ಒಬ್ಬ ಹಳೇ ಆಟಗಾರ. 1910ರಲ್ಲಿ ಅದೇ ಕ್ಲಬ್ಬಿಗೆ ಜರ್ಮನ್ ಚಾಂಪಿಯನ್‌ಶಿಪ್ ಗೆದ್ದುಕೊಟ್ಟವನು, ದೇಶಕ್ಕೆ ಏಳು ಸಲ ಆಡಿದವನು, 1912ರ ಒಲಿಂಪಿಕ್ಸ್‌ಗೆ ಹೋಗಿದ್ದವನು, ಮೊದಲ ಮಹಾಯುದ್ಧದಲ್ಲಿ ಇದೇ ದೇಶಕ್ಕಾಗಿ ಹೋರಾಡಿದವನು. ಯಹೂದಿ. ಪೇಪರಲ್ಲಿ ಈ ನಿರ್ಣಯ ಓದಿದವನೇ ತನ್ನ ಕ್ಲಬ್ಬಿಗೆ ತಾನೇ ರಾಜೀನಾಮೆ ಪತ್ರ ಬರೆದ. ಆಮೇಲೆ ಬಲವಂತದ ಕೂಲಿ. 1943ರ ಮಾರ್ಚ್ 1ಕ್ಕೆ ಆಶ್ವಿಟ್ಜ್‌ಗೆ ಹೋಗೋ ರೈಲು. ವಾಪಸ್ ಬರಲಿಲ್ಲ.

ಕ್ಲಬ್ಬಿಗೆ ನಿಯತ್ತಾಗಿದ್ದವನು ಹಿರ್ಶ್ ಕೂಡ ಅಲ್ವಾ? ನಿಯತ್ತು ಕೆಟ್ಟಿದ್ದು ಕ್ಲಬ್ಬಿನದ್ದು. ಹುಟ್ಟಿನ ಲೆಕ್ಕ ಹಿಡಿದು ಮನುಷ್ಯನನ್ನ ಹೊರಗೆ ನಿಲ್ಲಿಸೋದು ಹೇಗಿರುತ್ತೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಹಾಗಾಗಿ ಫ್ರಿಟ್ಸ್ ವಾಲ್ಟರ್ ಬಗ್ಗೆ ಮಾತಾಡೋ ಯಾರೇ ಆಗಲಿ, ಹಿರ್ಶ್‌ನ ಹೆಸರು ಹೇಳದೆ ಮುಂದೆ ಹೋದರೆ ಆ ಕಥೆ ನನಗೆ ಅರ್ಧವೇ.

1933ರಲ್ಲಿ ಫ್ರಿಟ್ಸ್‌ಗೆ 12 ವರ್ಷ. ಸಹಿ ಹಾಕಿದವನು ಅವನಲ್ಲ. ಆದರೆ ಅವನು ಬೆಳೆದದ್ದು, ಹೆಸರು ಮಾಡಿದ್ದು ಹಾಗೆ ಗುಡಿಸಿ ಖಾಲಿ ಮಾಡಿದ ಮೈದಾನದಲ್ಲೇ. ಅವನನ್ನ ಮಗನ ಹಾಗೆ ನೋಡಿಕೊಂಡ ರಾಷ್ಟ್ರೀಯ ತಂಡದ ಕೋಚ್ ಸೆಪ್ ಹೆರ್ಬೆರ್ಗರ್ 1933ರಲ್ಲೇ ನಾಜಿ ಪಕ್ಷಕ್ಕೆ ಸೇರಿದವನು. ಹಿರ್ಶ್ ಕೂಲಿ ಮಾಡ್ತಿದ್ದ ವರ್ಷಗಳಲ್ಲೇ ಫ್ರಿಟ್ಸ್ ಸ್ವಸ್ತಿಕದ ಅಂಗಿ ಹಾಕ್ಕೊಂಡು 24 ಮ್ಯಾಚ್ ಆಡಿದ. ಅವನು ನಾಜಿ ನಾಯಕನೂ ಅಲ್ಲ, ನಾಜಿಗಳ ಎದುರು ನಿಂತವನೂ ಅಲ್ಲ. ಚೆಂಡು ಬಿಟ್ಟು ಬೇರೇನೂ ನೋಡದವನು. "ನಮಗೆ ರಾಜಕೀಯ ಬೇಡಪ್ಪ" ಅನ್ನೋರು ನಮ್ಮ ಸುತ್ತ ಎಷ್ಟು ಜನ ಇಲ್ಲ? ಅಂಥವರಲ್ಲಿ ಒಬ್ಬ. ಇದನ್ನ ಮುಚ್ಚಿಟ್ಟು ಅವನನ್ನ ಹೊಗಳೋದು ನನಗೆ ಆಗಲ್ಲ.

ಇನ್ನು ಯುದ್ಧ. ಸೈನ್ಯಕ್ಕೆ ಹಾಕಿದರು. ಹೆರ್ಬೆರ್ಗರ್ ತನ್ನ ಆಟಗಾರರನ್ನ ಸಾವಿನ ಮುಂಚೂಣಿಯಿಂದ ದೂರ ಇಡೋಕೆ ತನಗೆ ಗೊತ್ತಿದ್ದ ಎಲ್ಲಾ ದಾರಿ ಹುಡುಕಿದ. ಆದರೂ 1945ರಲ್ಲಿ ಫ್ರಿಟ್ಸ್ ಸೆರೆ ಸಿಕ್ಕ. ಅಮೆರಿಕದವರು ಹಿಡಿದು ಸೋವಿಯತ್ ಸೈನ್ಯಕ್ಕೆ ಒಪ್ಪಿಸಿದರು. ರುಮೇನಿಯಾದ ಉತ್ತರ ತುದಿಯ ಮರಾಮುರೆಶ್ ಸೀಮೆಯಲ್ಲಿ ಒಂದು ಕ್ಯಾಂಪು. ಅಲ್ಲಿಂದ ಕೈದಿಗಳನ್ನ ಸೋವಿಯತ್ ದೇಶದ ಒಳಗೆ ದುಡಿಯೋಕೆ ಸಾಗಿಸ್ತಿದ್ದರು.

ಒಂದು ಸಂಜೆ ಕಾವಲುಗಾರರು ಫುಟ್ಬಾಲ್ ಆಡ್ತಿದ್ದರು. ಚೆಂಡು ಇವನ ಕಡೆ ಬಂತು. ಇವನು ಒದ್ದ ರೀತಿ ನೋಡಿ ಅವರು ಆಟಕ್ಕೆ ಸೇರಿಸಿಕೊಂಡರು. ಅವರಲ್ಲಿ ಒಬ್ಬ ಹಂಗೇರಿಯವನು ಇವನ ಗುರುತು ಹಿಡಿದ. 1942ರಲ್ಲಿ ಬುಡಾಪೆಸ್ಟ್‌ನಲ್ಲಿ ಜರ್ಮನಿ 5-3ರಿಂದ ಹಂಗೇರಿಯನ್ನ ಸೋಲಿಸಿತ್ತಲ್ಲ, ಆ ಮ್ಯಾಚನ್ನ ಅವನು ಕಣ್ಣಾರೆ ನೋಡಿದ್ದ. ಮಾರನೇ ದಿನ ರೈಲಿಗೆ ಹತ್ತಬೇಕಾದವರ ಪಟ್ಟಿಯಲ್ಲಿ ಫ್ರಿಟ್ಸ್ ಹೆಸರು ಇರಲಿಲ್ಲ. ಇದು ಫ್ರಿಟ್ಸ್ ತಾನೇ ಮುಂದೆ ಹೇಳಿಕೊಂಡ ಕಥೆ.

ಓದೋಕೆ ಸಿನಿಮಾ ಥರ ಇದೆ, ನಿಜ. ಆದರೆ ನಾನು ಆ ಪಟ್ಟಿಯಲ್ಲಿ ಉಳಿದವರ ಬಗ್ಗೆ ಯೋಚಿಸ್ತೀನಿ. ಚೆಂಡು ಒದೆಯೋಕೆ ಬರದ ಬಡಗಿ, ರೊಟ್ಟಿ ಸುಡೋನು, ಗುಮಾಸ್ತ. ಅವರ ಗುರುತು ಹಿಡಿಯೋರು ಯಾರೂ ಇರಲಿಲ್ಲ. ಪ್ರತಿಭೆ ಇದ್ದವನನ್ನ ಲೋಕ ಕಾಪಾಡುತ್ತೆ, ಪ್ರತಿಭೆ ಇಲ್ಲದವನೂ ಬದುಕಬೇಕಾದ ಮನುಷ್ಯನೇ ಅನ್ನೋದನ್ನ ಮರೆಯುತ್ತೆ. ನಮ್ಮ ಕೇರಿಯಿಂದ ಓದಿ ಮೇಲೆ ಬಂದ ಒಬ್ಬನನ್ನ ತೋರಿಸಿ ಉಳಿದ ನೂರು ಜನರ ಲೆಕ್ಕ ಮುಚ್ಚೋದೂ ಇದೇ ಜಾತಿಯ ಮರೆವು.

1945ರ ಅಕ್ಟೋಬರ್‌ನಲ್ಲಿ ಫ್ರಿಟ್ಸ್ ಊರಿಗೆ ಬಂದ. ಬಾಂಬು ಬಿದ್ದು ಊರು ಕುಸಿದಿತ್ತು. ಆಡಳಿತ ಫ್ರೆಂಚ್ ಸೈನ್ಯದ್ದು. ತಿನ್ನೋಕೆ ಇಲ್ಲ, ಉರಿಸೋಕೆ ಕಲ್ಲಿದ್ದಲು ಇಲ್ಲ. ಆಗ ಜರ್ಮನಿಯಲ್ಲಿ ತಂಡಗಳು ಹಳ್ಳಿಗಳಿಗೆ ಹೋಗಿ ಆಲೂಗಡ್ಡೆ, ಹಿಟ್ಟು, ಮಾಂಸಕ್ಕಾಗಿ ಮ್ಯಾಚ್ ಆಡ್ತಿದ್ದವು. ಅದಕ್ಕೆ ಅವರು 'ಕ್ಯಾಲೊರಿ ಆಟ' ಅಂತಲೇ ಹೆಸರಿಟ್ಟಿದ್ದರು. ಇಂಥ ದಿನಗಳಲ್ಲಿ ಫ್ರಿಟ್ಸ್ ತನ್ನ ಕ್ಲಬ್ಬಿನ ತಂಡವನ್ನ ಮತ್ತೆ ಕಟ್ಟಿದ. ಜೊತೆಗೆ ತಮ್ಮ ಓಟ್ಮಾರ್, ಯುದ್ಧದ ಗಾಯ ಮೈಯಲ್ಲಿ ಇಟ್ಕೊಂಡೇ ಆಡಿದವನು. ಲೀಬ್ರಿಖ್, ಕೋಲ್‌ಮೈಯರ್, ಆಮೇಲೆ ಹುಡುಗ ಎಕೆಲ್. 1948ರಲ್ಲಿ ಫೈನಲ್‌ವರೆಗೆ ಬಂದು ನ್ಯೂರೆಂಬರ್ಗ್‌ಗೆ ಸೋತರು. 1951ರಲ್ಲಿ ಪ್ರಾಯ್ಸನ್ ಮ್ಯೂನ್‌ಸ್ಟರ್ ವಿರುದ್ಧ 2-1ರಿಂದ ಗೆದ್ದು ಚಾಂಪಿಯನ್ ಆದರು. ಎರಡೂ ಗೋಲು ಓಟ್ಮಾರ್‌ನದ್ದು. 1953ರಲ್ಲಿ ಸ್ಟುಟ್‌ಗಾರ್ಟ್ ವಿರುದ್ಧ 4-1, ಎರಡನೇ ಸಲ ಚಾಂಪಿಯನ್.

ಈಗ ಬಾಗಿಲಿನ ವಿಷಯಕ್ಕೆ ಬರ್ತೀನಿ.

ಆಗ ಪಶ್ಚಿಮ ಜರ್ಮನಿಯಲ್ಲಿ ಪೂರ್ತಿ ವೃತ್ತಿಪರ ಫುಟ್ಬಾಲ್ ಇರಲಿಲ್ಲ. 'ಕರಾರಿನ ಆಟಗಾರ' ಅಂತ ಒಂದು ವ್ಯವಸ್ಥೆ. ತಿಂಗಳಿಗೆ ಹೆಚ್ಚಂದ್ರೆ 320 ಮಾರ್ಕ್. ಮನೆ ನಡೆಸೋಕೆ ಇನ್ನೊಂದು ಕೆಲಸ ಇರಲೇಬೇಕು. ಅಂಥ ಹೊತ್ತಲ್ಲಿ, 1951ರಲ್ಲಿ, ಸ್ಪೇನಿನ ಅತ್ಲೆಟಿಕೊ ಮ್ಯಾಡ್ರಿಡ್ ಕ್ಲಬ್ಬಿನಿಂದ ಕರೆ ಬಂತು. ಅವನು ಊರಲ್ಲಿದ್ದು ಜೀವಮಾನದಲ್ಲಿ ಕಾಣದಷ್ಟು ದುಡ್ಡು. ಕಾನೂನಿನ ತಡೆ ಇಲ್ಲ, ಸಾಲದ ಪತ್ರ ಇಲ್ಲ, ಹೋದರೆ ಹಿಂದೆ ಯಾರ ಗುಡಿಸಲಿಗೂ ಬೆಂಕಿ ಬೀಳಲ್ಲ. ಬಾಗಿಲು ಪೂರ್ತಿ ತೆರೆದಿತ್ತು.

ಹೆಂಡತಿ ಇಟಾಲಿಯಾ ಜೊತೆ ಕೂತು ಯೋಚಿಸಿದ. ಹೋಗಲ್ಲ ಅಂದ. ಕಾರಣ ಅಂತ ಅವನು ಹೇಳ್ತಿದ್ದದ್ದು ಭಾಷಣ ಅಲ್ಲ. ಮನೆ ಅಂದ್ರೆ ಮನೇನೇ ಅನ್ನೋ ಅರ್ಥದ ತನ್ನೂರಿನ ಒಂದು ಆಡುಮಾತು, ಅಷ್ಟೇ. ಜೊತೆಗೆ ಆ ಹುಡುಗರು, ಆ ತಮ್ಮ, ಆ ಕೋಚ್. ಊರಲ್ಲಿ ಬಟ್ಟೆ ಒಗೆಯೋ ಲಾಂಡ್ರಿ ಇಟ್ಟ, ಸಿನಿಮಾ ಟಾಕೀಸ್ ನಡೆಸಿದ, ಬದುಕಿದ.

ಅಜ್ಜಿಯ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ತಾತನದ್ದು ನಿಯತ್ತಲ್ಲ, ಅವನ ಮೇಲೆ ಹೊರಿಸಿದ ಹೊರೆ. ಫ್ರಿಟ್ಸ್‌ನದ್ದು ಆಯ್ಕೆ. ಹೋಗೋ ಹಕ್ಕಿದ್ದವನು ಉಳಿದಾಗ ಮಾತ್ರ ಆ ಉಳಿಯೋದಕ್ಕೆ ಅರ್ಥ. ಹಾಗಂತ ಅವನು ಮ್ಯಾಡ್ರಿಡ್‌ಗೆ ಹೋಗಿದ್ದರೂ ನಾನು ಅವನನ್ನ ಬೈತಿರಲಿಲ್ಲ. ದುಡಿಮೆಗೆ ತಕ್ಕ ಬೆಲೆ ಕೇಳೋದು ದ್ರೋಹ ಅಲ್ಲ. 320 ಮಾರ್ಕಿನ ಮಿತಿ ಹಾಕಿ ಆಮೇಲೆ 'ನಿಷ್ಠೆ' ಅಂತ ಹಾಡಿ ಹೊಗಳಿದ ವ್ಯವಸ್ಥೆ ಇದೆಯಲ್ಲ, ಅದರ ಜಾಣತನ ಎಲ್ಲಾ ದೇಶದ ಯಜಮಾನರದ್ದೂ ಒಂದೇ.

1954. ಎಲ್ಲರಿಗೂ ಗೊತ್ತಿರೋ ವರ್ಷ. ಸ್ವಿಟ್ಜರ್ಲೆಂಡ್‌ನ ವರ್ಲ್ಡ್ ಕಪ್‌ಗೆ ಕೆಲವೇ ವಾರ ಮುಂಚೆ ಜರ್ಮನ್ ಫೈನಲ್‌ನಲ್ಲಿ ಕೈಸರ್ಸ್‌ಲೌಟರ್ನ್ ಹಾನೋವರ್ ಎದುರು 5-1ರಿಂದ ಮಣ್ಣು ಮುಕ್ಕಿತು. ಇವರನ್ನ ಕೈಬಿಡಿ ಅಂತ ಕೂಗೆದ್ದಿತು. ಹೆರ್ಬೆರ್ಗರ್ ಕೇಳಲಿಲ್ಲ. ಆ ಒಂದೇ ಕ್ಲಬ್ಬಿನ ಐವರು ತಂಡದಲ್ಲಿ ಉಳಿದರು. 33 ವರ್ಷದ ಫ್ರಿಟ್ಸ್ ಕ್ಯಾಪ್ಟನ್.

ಈ ಕ್ಯಾಪ್ಟನ್ ನಾವು ಅಂದುಕೊಳ್ಳೋ ಥರದ ಗಂಡೆದೆಯ ನಾಯಕ ಅಲ್ಲ. ಬೇಗ ಕುಗ್ಗೋ ಮನುಷ್ಯ. ಒಂದು ಪಾಸ್ ತಪ್ಪಿದರೆ ರಾತ್ರಿಯಿಡೀ ನಿದ್ದೆ ಇಲ್ಲ. ಅದಕ್ಕೇ ಹೆರ್ಬೆರ್ಗರ್ ಹೋಟೆಲಿನಲ್ಲಿ ಅವನ ರೂಮಿಗೆ ಸದಾ ನಗಿಸ್ತಾ ಇರೋ ಹೆಲ್ಮುಟ್ ರಾನ್‌ನ ಹಾಕಿದ್ದ. ಇನ್ನೊಂದು ವಿಷಯ: ಯುದ್ಧದಲ್ಲಿ ಮಲೇರಿಯಾ ಬಂದಿದ್ದರಿಂದ ಬಿಸಿಲಲ್ಲಿ ಆಡೋಕೆ ಅವನಿಗೆ ಕಷ್ಟ, ಮಳೆ ಬಂದ್ರೆ ಜೀವ ಬರ್ತಿತ್ತು ಅಂತಾರೆ. ಜರ್ಮನಿಯಲ್ಲಿ ಈಗಲೂ ಸೋನೆ ಮಳೆ ಹಿಡಿದರೆ 'ಫ್ರಿಟ್ಸ್ ವಾಲ್ಟರ್ ಹವಾಮಾನ' ಅಂತಾರೆ.

ಗುಂಪಿನ ಹಂತದಲ್ಲೇ ಹಂಗೇರಿ 8-3ರಿಂದ ಬಡಿದು ಹಾಕಿತ್ತು. ನಾಲ್ಕು ವರ್ಷದಿಂದ ಸೋಲೇ ಕಾಣದ ತಂಡ ಅದು. ಆದರೂ ಜರ್ಮನಿ ಸೆಮಿಫೈನಲ್‌ನಲ್ಲಿ ಆಸ್ಟ್ರಿಯಾವನ್ನ 6-1ರಿಂದ ಸೋಲಿಸಿತು. ಅಣ್ಣ ಎರಡು ಗೋಲು, ತಮ್ಮ ಎರಡು ಗೋಲು. ಜುಲೈ 4, ಬರ್ನ್. ಮತ್ತೆ ಹಂಗೇರಿ. ಮಳೆ. ಎಂಟು ನಿಮಿಷಕ್ಕೆ 0-2. ಹತ್ತನೇ ನಿಮಿಷಕ್ಕೆ ಮೋರ್ಲಾಕ್ ಒಂದು ವಾಪಸ್ ಕೊಟ್ಟ. ಹದಿನೆಂಟನೇ ನಿಮಿಷಕ್ಕೆ ಫ್ರಿಟ್ಸ್ ಹೊಡೆದ ಕಾರ್ನರ್, ರಾನ್‌ನ ಕಾಲು, 2-2. 84ನೇ ನಿಮಿಷಕ್ಕೆ ಮತ್ತೆ ರಾನ್, 3-2. ಪುಷ್ಕಾಶ್ ಕೊನೆಯಲ್ಲಿ ಹೊಡೆದ ಗೋಲನ್ನ ಆಫ್‌ಸೈಡ್ ಅಂತ ತಳ್ಳಿಹಾಕಿದರು. ಕಪ್ ಫ್ರಿಟ್ಸ್ ಕೈಗೆ ಬಂತು. ಅವನ ಜೀವ ಉಳಿಸಿದವನೂ ಒಬ್ಬ ಹಂಗೇರಿಯವನೇ, ಅವನು ಸೋಲಿಸಿದ್ದೂ ಹಂಗೇರಿಯನ್ನೇ.

ಆಟ ಮುಗಿದ ಮೇಲೆ ಏನಾಯ್ತು ಅನ್ನೋದನ್ನೂ ಹೇಳಬೇಕು. ಬರ್ನ್‌ನ ಸ್ಟೇಡಿಯಂನಲ್ಲಿ ಜರ್ಮನ್ ಅಭಿಮಾನಿಗಳು ರಾಷ್ಟ್ರಗೀತೆಯ ಹಳೇ ಮೊದಲ ಚರಣ ಹಾಡಿದರು, ಎಲ್ಲಕ್ಕಿಂತ ಜರ್ಮನಿ ಮೇಲು ಅನ್ನೋ ಚರಣ. ಎರಡು ದಿನ ಆದ ಮೇಲೆ ಮ್ಯೂನಿಕ್‌ನ ಸನ್ಮಾನ ಸಭೆಯಲ್ಲಿ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷ ಪೇಕೊ ಬೌವೆನ್ಸ್ ಮಾಡಿದ ಭಾಷಣದಲ್ಲಿ ನಾಜಿ ಕಾಲದ ಮಾತಿನ ವಾಸನೆ ಎಷ್ಟಿತ್ತು ಅಂದ್ರೆ ರೇಡಿಯೋದವರು ಪ್ರಸಾರವನ್ನ ನಡುವಲ್ಲೇ ನಿಲ್ಲಿಸಿದರು. ಗೆದ್ದ ಕಪ್ಪನ್ನ ರಾಷ್ಟ್ರದ ಅಹಂಕಾರಕ್ಕೆ ಒತ್ತೆ ಇಡೋರು ಎಲ್ಲಾ ಕಡೆ ಇರ್ತಾರೆ. ಮೈದಾನದಲ್ಲಿ ಬೆವರು ಸುರಿಸೋನು ಒಬ್ಬ, ವೇದಿಕೆಯಲ್ಲಿ ಎದೆ ಉಬ್ಬಿಸೋನು ಇನ್ನೊಬ್ಬ.

ಫ್ರಿಟ್ಸ್ ಆ ಅಹಂಕಾರಕ್ಕೆ ತನ್ನ ಬಾಯಿ ಕೊಡಲಿಲ್ಲ. ಊರಿಗೆ ವಾಪಸ್ ಹೋದ. 1956ರಲ್ಲಿ ಪೂರ್ವ ಜರ್ಮನಿಯ ಲೈಪ್ಜಿಗ್‌ಗೆ ಕ್ಲಬ್ ಜೊತೆ ಹೋಗಿ, ದೇಶ ಎರಡು ಹೋಳಾಗಿದ್ದ ಆ ಕಾಲದಲ್ಲಿ, ಒಂದು ಲಕ್ಷ ಜನರ ಮುಂದೆ ಮುಂದಕ್ಕೆ ಬೀಳ್ತಾ ಬೀಳ್ತಾ ಹಿಮ್ಮಡಿಯಿಂದ ಒಂದು ಗೋಲು ಹೊಡೆದ. ಅಲ್ಲಿನವರು ಎದುರಾಳಿ ಅನ್ನೋದನ್ನೂ ಮರೆತು ಚಪ್ಪಾಳೆ ಹೊಡೆದರು. 1958ರಲ್ಲಿ ವರ್ಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಸ್ವೀಡನ್ ಎದುರು ಪೆಟ್ಟಾಯ್ತು. ದೇಶದ ಪರ ಅದೇ ಕೊನೆ. ಒಟ್ಟು 61 ಮ್ಯಾಚ್, 33 ಗೋಲು.

ಆದರೆ ನಾನು ಇಷ್ಟುದ್ದ ಬರೆಯೋಕೆ ಕಾರಣ ಈ ಗೋಲುಗಳಲ್ಲ. ಆಮೇಲಿನ ಬದುಕು.

1977ರಲ್ಲಿ ಹೆರ್ಬೆರ್ಗರ್ ಹೆಸರಲ್ಲಿ ಒಂದು ಪ್ರತಿಷ್ಠಾನ ಶುರುವಾಯ್ತು. ಅದರ ಒಂದು ಕೆಲಸ ಜೈಲಿನಲ್ಲಿರೋರ ಜೊತೆ ಒಡನಾಟ. ಫ್ರಿಟ್ಸ್ ವಾಲ್ಟರ್ ಅದರ ಪರವಾಗಿ ಜೈಲುಗಳಿಗೆ ಹೋಗೋಕೆ ಶುರುಮಾಡಿದ. ವರ್ಲ್ಡ್ ಕಪ್ ಗೆದ್ದ ಕ್ಯಾಪ್ಟನ್, ವಯಸ್ಸಾದವನು, ಕೈದಿಗಳ ಜೊತೆ ಕೂತು ಮಾತಾಡಿದ, ಅವರ ಮಾತು ಕೇಳಿದ. ಸೆರೆಯಾಳಾಗಿ ಮುಳ್ಳುತಂತಿಯ ಒಳಗೆ ಇದ್ದವನಿಗೆ ಒಳಗಿರೋದು ಅಂದ್ರೇನು ಅಂತ ಗೊತ್ತಿತ್ತು. ತನ್ನನ್ನ ಒಬ್ಬ ಕಾವಲುಗಾರ ಗುರುತು ಹಿಡಿದಿದ್ದರಿಂದ ಉಳಿದವನು, ಯಾರೂ ಗುರುತು ಹಿಡಿಯದವರ ಹತ್ತಿರ ತಾನೇ ನಡೆದು ಹೋದ. ಹಾಗೆ ನಾನು ಓದಿಕೊಳ್ತೀನಿ.

ಜೊತೆಗಾರರೆಲ್ಲರ ಕಥೆ ಹೀಗೆ ಮುಗೀಲಿಲ್ಲ. ಅದೇ ಊರಿನ, ಅದೇ ಕ್ಲಬ್ಬಿನ ಕೋಲ್‌ಮೈಯರ್ ಕುಡಿತಕ್ಕೆ ಬಿದ್ದು 1974ರಲ್ಲಿ, ಇನ್ನೂ 50 ತುಂಬೋ ಮುಂಚೆ ಸತ್ತ. ಬರ್ನ್‌ನಲ್ಲಿ ಗೆದ್ದ ಹನ್ನೊಂದು ಜನರಲ್ಲಿ ಮೊದಲು ಹೋದವನು ಅವನು. ಕಪ್ ಎತ್ತಿದ ದಿನ ಹೆಗಲ ಮೇಲೆ ಹೊತ್ತ ದೇಶ ಅವನು ಕುಸಿಯುವಾಗ ಹೆಗಲು ಕೊಡಲಿಲ್ಲ.

ಇಟಾಲಿಯಾ 2001ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. ಫ್ರಿಟ್ಸ್ 2002ರ ಜೂನ್ 17ಕ್ಕೆ. ತನ್ನೂರಲ್ಲಿ ವರ್ಲ್ಡ್ ಕಪ್ ಮ್ಯಾಚ್ ನೋಡಬೇಕು ಅನ್ನೋ ಆಸೆ ಇತ್ತು ಅವನಿಗೆ. 2006ಕ್ಕೆ ಆ ಊರು ಆಯ್ಕೆಯೂ ಆಗಿತ್ತು. 2006ರ ಜೂನ್ 17ಕ್ಕೆ, ಸರಿಯಾಗಿ ನಾಲ್ಕು ವರ್ಷಕ್ಕೆ, ಅವನ ಹೆಸರಿನ ಸ್ಟೇಡಿಯಂನಲ್ಲಿ ಆಡಿದ್ದು ಇಟಲಿ ಮತ್ತು ಅಮೆರಿಕ. ಹಾಸ್ಟೆಲಿನ ಟಿ.ವಿ.ಯಲ್ಲಿ ಮಧ್ಯರಾತ್ರಿ ಕದ್ದು ನೋಡಿದ ಮ್ಯಾಚ್ ಅದು. ಸ್ಟೇಡಿಯಂಗೆ ಒಬ್ಬ ಆಟಗಾರನ ಹೆಸರು ಇರೋದು ನೋಡಿ, ಯಾರಪ್ಪ ಇವನು ಅಂತ ನಾನು ಹುಡುಕೋಕೆ ಶುರುಮಾಡಿದ್ದು ಅಲ್ಲಿಂದ.

ಅದೇ ಹೊತ್ತಿಗೆ ಅಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 2005ರಿಂದ ಜರ್ಮನ್ ಫುಟ್ಬಾಲ್ ಸಂಸ್ಥೆ ಯೂಲಿಯಸ್ ಹಿರ್ಶ್ ಹೆಸರಲ್ಲಿ ಪ್ರಶಸ್ತಿ ಕೊಡ್ತಿದೆ, ಜನಾಂಗದ್ವೇಷದ ವಿರುದ್ಧ ಕೆಲಸ ಮಾಡೋರಿಗೆ. ಕೈಸರ್ಸ್‌ಲೌಟರ್ನ್ ಕ್ಲಬ್ ನಾಜಿ ಕಾಲದಲ್ಲಿ ಏನೇನು ಮಾಡಿತು ಅನ್ನೋದರ ಮೇಲೆ 2006ರಲ್ಲಿ ಒಬ್ಬ ಇತಿಹಾಸಕಾರ ಪುಸ್ತಕವನ್ನೇ ಬರೆದ. ಅರವತ್ತು-ಎಪ್ಪತ್ತು ವರ್ಷ ತಡ. ಹಿರ್ಶ್‌ಗೆ ಅದರಿಂದ ಏನೂ ಸಿಗಲ್ಲ. ಆದರೂ ಲೆಕ್ಕದ ಪುಸ್ತಕ ತೆರೆದಿದ್ದಾರೆ. ನಮ್ಮಲ್ಲಿ ಎಷ್ಟು ಮಠ, ಎಷ್ಟು ಸಂಘ, ಎಷ್ಟು ಶಾಲೆ ತಮ್ಮ ಬಾಗಿಲಲ್ಲಿ ಯಾರನ್ನ ನಿಲ್ಲಿಸಿದ್ವಿ ಅಂತ ಪುಸ್ತಕ ಬರೆಸಿವೆ, ಹೇಳಿ?

ಫ್ರಿಟ್ಸ್‌ನ ನಿಯತ್ತಿನಲ್ಲಿ ಇಲ್ಲದೇ ಹೋದ ಭಾಗ ಇದು. ಅವನು ಕ್ಲಬ್ಬನ್ನ ಪ್ರೀತಿಸಿದ, ಕಟ್ಟಿದ, ಬಿಡಲಿಲ್ಲ. ಆದರೆ ಹೊರಗೆ ಹಾಕಿಸಿಕೊಂಡವರ ಲೆಕ್ಕ ಕೇಳೋ ಕೆಲಸ ಮುಂದಿನ ತಲೆಮಾರಿಗೆ ಉಳೀತು. ಅವರು ಅದನ್ನ ಮಾಡಿದ್ದು ಕ್ಲಬ್ಬಿನ ಮೇಲಿನ ದ್ವೇಷದಿಂದಲ್ಲ.

ನಮ್ಮ ಸಂಘಟನೆಗಳ ಕಿರಿಯರಿಗೆ ಒಂದು ಮಾತು. ಬಿಟ್ಟು ಹೋದವರನ್ನೆಲ್ಲ ದ್ರೋಹಿ ಅನ್ನಬೇಡಿ, ಅನ್ನಕ್ಕಾಗಿ ಹೋದವರೂ ಇರ್ತಾರೆ. ಉಳಿದವರನ್ನೆಲ್ಲ ನಿಷ್ಠರು ಅಂತ ಹಾರ ಹಾಕಬೇಡಿ, ಹೋಗೋಕೆ ಜಾಗ ಇಲ್ಲದೆ ಉಳಿದವರೂ ಇರ್ತಾರೆ. ನಿಮಗೆ ಹೋಗೋ ಬಾಗಿಲು ಯಾವಾಗಲೂ ತೆರೆದಿರಲಿ. ಉಳಿಯೋದಾದರೆ ಕಣ್ಣು ತೆರೆದು ಉಳಿಯಿರಿ, ಒಳಗೇ ಕೂತು ಲೆಕ್ಕ ಕೇಳಿ. ಲೆಕ್ಕ ಕೇಳಿದವನನ್ನ 'ನಿಯತ್ತಿಲ್ಲದವನು' ಅಂತ ಯಾರಾದ್ರೂ ಕರೆದರೆ, ನಮ್ಮಜ್ಜಿಯ ಪ್ರಶ್ನೆ ನಿಮ್ಮ ಹತ್ತಿರ ಇದೆ. ಎದುರಿಗೆ ಇಡಿ.

ಜೈಭೀಮ್.